ಪೂಜೆ ತಪ್ಪಿಸದವರೇ ಒಡಹುಟ್ಟಿದವರಿಗೆ ಯಾಕೆ ಹೀಗೆ ಮಾಡುತ್ತಾರೆ?

ಚರ್ಚಿನಲ್ಲಿ ಭಾನುವಾರದ ಪೂಜೆ ಒಂದೂ ತಪ್ಪಿಸದ ನಿಮ್ಮ ಅಣ್ಣ, ನೀವು ಆಸ್ತಿಯಲ್ಲಿ ಪಾಲು ಕೇಳಿದ ಕೂಡಲೇ ವೈರಿಯಾದ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಅದೇ ಕಥೆ ಮಾರಾಯ್ರೆ. ಶಿರ್ವದ ಹತ್ತಿರ ಹಳೆ ಮನೆ, ಸ್ವಲ್ಪ ತೆಂಗಿನ ತೋಟ. ಅಪ್ಪ ವಿಲ್ ಮಾಡದೆ ತೀರಿಕೊಂಡರು. "ನಿನ್ನ ಮದುವೆಗೆ ಖರ್ಚಾದದ್ದೇ ನಿನ್ನ ಪಾಲು" ಅಂದುಬಿಟ್ಟ ಅಣ್ಣ.

ನಾನು ಎಂತ ಮಾಡಿದೆ ಗೊತ್ತುಂಟಾ? ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿದೆ. ಚರ್ಚಿನ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರಿಗೆ, ಫಾದರಿಗೆ, ದುಬೈಯಲ್ಲಿರುವ ಚಿಕ್ಕಪ್ಪನ ಮಕ್ಕಳಿಗೆ. ಹೇಳಿದಷ್ಟೂ ಸಲ ಅವನ ಮಾತಿಗೆ ನಾನೇ ಸ್ವಲ್ಪ ಖಾರ ಸೇರಿಸಿದೆ. ಬೈಬಲಿನ ಮತ್ತಾಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕ್ರಮ ಬೇರೆಯೇ ಉಂಟು: ಮೊದಲು ಅವನೊಬ್ಬನೇ ಇರುವಾಗ ಹೋಗಿ ತಪ್ಪು ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗು, ಆಮೇಲೆ ಸಭೆಗೆ, ಅಂದರೆ ವಿಶ್ವಾಸಿಗಳ ಸಮುದಾಯಕ್ಕೆ ಹೇಳು. ನಾನು ಸಭೆಯಿಂದಲೇ ಶುರು ಮಾಡಿದೆ. ಜಗಲಿಯಲ್ಲಿ ಇಬ್ಬರೇ ಕೂತು ಮಾತಾಡಿದ್ದರೆ ಅವನಿಗೆ ಹಿಂದೆ ಸರಿಯಲು ದಾರಿ ಇರುತ್ತಿತ್ತು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಗುರ್ಕಾರರ ಕಿವಿಗೆ ಬಿದ್ದ ಮೇಲೆ ಪಾಲು ಕೊಟ್ಟರೆ ತಂಗಿಯ ಆಸ್ತಿ ನುಂಗಲು ಹೊರಟದ್ದನ್ನು ಒಪ್ಪಿಕೊಂಡ ಹಾಗೆ. ಅವನು ಪಟ್ಟು ಹಿಡಿದ, ನಾನು ವಕೀಲರನ್ನು ಹಿಡಿದೆ. ಅಮ್ಮ ತೀರುವವರೆಗೂ ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ಹೊಸಕ್ಕಿ ಊಟಕ್ಕೆ ನಾವಿಬ್ಬರೂ ಒಟ್ಟಿಗೆ ಕೂತದ್ದಿಲ್ಲ. ಪಾಲು ಆಮೇಲೆ ಸಿಕ್ಕಿತು, ಅದು ಬೇರೆ ವಿಷಯ.

ಇನ್ನು "ಭಕ್ತಿ ಇರುವವರು ಹೀಗೆ ಮಾಡಬಹುದಾ" ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಪೂಜೆಯ ಆರಂಭದಲ್ಲೇ ಎದೆ ಬಡಿದುಕೊಂಡು ನಮ್ಮ ಪಾಪ ಒಪ್ಪಿಕೊಳ್ಳುತ್ತೇವೆ. ಒಳ್ಳೆಯವರ ಕೂಟ ಅಂತ ಅದಕ್ಕೆ ಯಾರು ಹೆಸರು ಕೊಟ್ಟದ್ದು? ಬೈಬಲಿನ ಮೊದಲ ಕೊಲೆಯ ಕಥೆ ನೋಡಿ. ದೇವರಿಗೆ ಕಾಣಿಕೆ ಒಪ್ಪಿಸಿದ ಮೇಲೆಯೇ ಆದಾಮನ ಮಗ ಕಾಯಿನ ತಮ್ಮನನ್ನು ಹೊಲಕ್ಕೆ ಕರೆದದ್ದು. ಹುಟ್ಟಿನಿಂದಲೇ ಎಲ್ಲರಿಗೂ ಅಂಟಿದ ಜನ್ಮಪಾಪ ಅಂತ ಧರ್ಮೋಪದೇಶದ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದು ಅಣ್ಣನಿಗೆ ಮಾತ್ರ ಅಂತ ಇಲ್ಲ. ಲೂಕ 12ರಲ್ಲಿ ಒಬ್ಬ ಬಂದು "ಆಸ್ತಿಯಲ್ಲಿ ನನಗೆ ಪಾಲು ಕೊಡಲು ನನ್ನ ಸಹೋದರನಿಗೆ ಹೇಳಿ" ಅನ್ನುತ್ತಾನೆ. ಯೇಸು ನ್ಯಾಯ ತೀರ್ಮಾನಕ್ಕೆ ಕೂರುವುದಿಲ್ಲ, ದುರಾಶೆಯ ಬಗ್ಗೆ ಜಾಗ್ರತೆ ಅಂತ ಅಲ್ಲಿದ್ದವರಿಗೆಲ್ಲ ಹೇಳುತ್ತಾರೆ. ಕೇಳಿದವನೂ ಅದರಲ್ಲಿ ಬಂದ. ನನಗೆ ಇದು ಓದಿದಾಗ ಸಿಟ್ಟೇ ಬಂದಿತ್ತು.

ಹಾಗಂತ "ಕ್ಷಮಿಸಿ ಬಿಟ್ಟುಬಿಡು" ಅನ್ನುವ ಅತ್ತೆ-ಚಿಕ್ಕಮ್ಮಂದಿರ ಮಾತು ಕೇಳಬೇಡಿ. ರಾಜ ತನ್ನ ದೊಡ್ಡ ಸಾಲ ಮನ್ನಾ ಮಾಡಿದರೂ ಜೊತೆಯವನನ್ನು ಕ್ಷಮಿಸದ ಸೇವಕನ ಸಾಮತಿಯಲ್ಲಿ (ಯೇಸು ಹೇಳಿದ ದೃಷ್ಟಾಂತ ಕಥೆ) ಜೊತೆಯವನ ಸಾಲ ನೂರು ಬೆಳ್ಳಿ ನಾಣ್ಯ, ಅಂದರೆ ಕೂಲಿಯಾಳಿನ ನೂರು ದಿನದ ಸಂಬಳ. ಅದನ್ನು ಚಿಲ್ಲರೆ ಅಂತ ಯೇಸು ಹೇಳಲಿಲ್ಲ. ನಿಮ್ಮ ಪಾಲೂ ಚಿಲ್ಲರೆ ಅಲ್ಲ. ವಿಲ್ ಇಲ್ಲದಿದ್ದರೆ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ನಮ್ಮ ಕ್ರೈಸ್ತರ ಮಗಳಿಗೂ ಮಗನಷ್ಟೇ ಪಾಲು. ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಬೇಡಿ. ಆದರೆ ನೋಟಿಸ್ ಕಳಿಸುವ ಮೊದಲು ಒಬ್ಬರೇ ಹೋಗಿ ಅಣ್ಣನ ಹತ್ತಿರ ಕೂತು ಮಾತಾಡಿ. ಅವನು ಕೈ ಎತ್ತುವ ಸ್ವಭಾವದವನಾದರೆ ಮಾತ್ರ ಒಬ್ಬರೇ ಹೋಗಬೇಡಿ, ಆಗ ನೇರ ವಕೀಲರೇ ಸರಿ.