ಹತ್ತನೇ ಕ್ಲಾಸಲ್ಲಿದ್ದೀನಿ, ಯಾವ ಹುದ್ದೆಯೂ ಇಲ್ಲ. ಅಮೆರಿಕದ ಕಾಲೇಜಿಗೆ ಲೀಡರ್‌ಶಿಪ್ ತೋರಿಸೋಕೆ ಎನ್‌ಜಿಒ ಶುರು ಮಾಡಲಾ?

ಬೇಡ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಹೈಸ್ಕೂಲು ದಾಟಿದವನು ನಾನು, ಅದಕ್ಕೇ ಸುತ್ತಿ ಬಳಸದೆ ಹೇಳ್ತೀನಿ. ಮೊದಲು ಹುದ್ದೆ, ಆಮೇಲೆ ಕೆಲಸ ಅಂತ ಹೊರಡೋದೇ ಇಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು.

ಯಾಕೆ ಅಂತ ಕಾಮನ್ ಆ್ಯಪ್ ಫಾರ್ಮ್ (ಅಮೆರಿಕದ ಎಷ್ಟೋ ಕಾಲೇಜುಗಳಿಗೆ ಒಂದೇ ಸಲ ತುಂಬೋ ಅರ್ಜಿ) ನೋಡಿದರೆ ಗೊತ್ತಾಗುತ್ತೆ. ಗರಿಷ್ಠ 10 ಚಟುವಟಿಕೆ. ಹುದ್ದೆಗೆ 50 ಅಕ್ಷರ, ಸಂಸ್ಥೆಯ ಹೆಸರಿಗೆ 100, ಮಾಡಿದ ಕೆಲಸಕ್ಕೆ 150, ಅದೂ ಸ್ಪೇಸ್ ಸೇರಿ. ಜೊತೆಗೆ 9ರಿಂದ 12ರ ತನಕ ಯಾವ್ಯಾವ ತರಗತಿಯಲ್ಲಿ ಮಾಡಿದಿರಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ತುಂಬಬೇಕು. 11ನೇ ತರಗತಿ ಮುಗಿದ ರಜೆಯಲ್ಲಿ ಹುಟ್ಟಿದ ಎನ್‌ಜಿಒಗೆ ಹುದ್ದೆಯ ಜಾಗ ಸಲೀಸಾಗಿ ತುಂಬುತ್ತೆ: 'ಸಂಸ್ಥಾಪಕ ಅಧ್ಯಕ್ಷ'. ಆದರೆ ತರಗತಿಯ ಕಡೆ 12 ಒಂದೇ ಟಿಕ್, ವಾರಗಳು ಏಳೋ ಎಂಟೋ. ಆ ವಾರಗಳೂ ಲೋಗೋ, ಇನ್‌ಸ್ಟಾಗ್ರಾಂ ಪೇಜು, ನೋಂದಣಿ ಓಡಾಟಕ್ಕೇ ಹೋಗಿರುತ್ತವೆ. 18 ತುಂಬದವರಿಗೆ ನೋಂದಣಿ ಸಾಮಾನ್ಯವಾಗಿ ದೊಡ್ಡವರ ಹೆಸರಲ್ಲೇ ಆಗಬೇಕು, ಅಂದರೆ ಆ ಕೆಲಸವೂ ಅಪ್ಪ-ಅಮ್ಮನದ್ದೇ. ಕೊನೆಗೆ 150 ಅಕ್ಷರದಲ್ಲಿ 'ಜಾಗೃತಿ ಮೂಡಿಸಿದೆ' ಅಂತ ಬರೆಯೋದು ಬಿಟ್ಟು ಬೇರೇನೂ ಇರಲ್ಲ. ಗಂಟೆ ಜಾಸ್ತಿ ಬರೆದು ಸರಿದೂಗಿಸಬಹುದು ಅಂದುಕೊಳ್ಳಬೇಡಿ. ಹತ್ತೂ ಸಾಲಿನ ಗಂಟೆ ಕೂಡಿಸಿದಾಗ ಶಾಲೆಗೂ ನಿದ್ದೆಗೂ ಸಮಯ ಉಳಿಯದಿದ್ದರೆ, ಅರ್ಜಿ ಓದುವವರು ನಿಜವಾದ ಸಾಲುಗಳನ್ನೂ ನಂಬಲ್ಲ.

ಹುದ್ದೆಯೇ ಬೇಕು ಅನ್ನೋದೂ ಸುಳ್ಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ 8 ಪ್ರಶ್ನೆಗಳಲ್ಲಿ 4ಕ್ಕೆ ತಲಾ 350 ಪದದೊಳಗೆ ಉತ್ತರಿಸಬೇಕು. ಮೊದಲನೆಯದೇ ನಾಯಕತ್ವದ್ದು. ನಾಯಕತ್ವ ಅಂದರೆ ಬರೀ ಹುದ್ದೆ ಅಲ್ಲ, ಮನೆಯವರನ್ನು ನೋಡಿಕೊಳ್ಳೋದೂ ಆಗಬಹುದು ಅಂತ ಪ್ರಶ್ನೆಯ ಕೆಳಗೆ ಅವರೇ ಬರೆದಿದ್ದಾರೆ. ಅಮೆರಿಕದ ಎಂಐಟಿಯ ಅರ್ಜಿಯಲ್ಲಂತೂ ಚಟುವಟಿಕೆಗೆ ನಾಲ್ಕೇ ಜಾಗ.

ಸ್ಟೇಟ್ ಸಿಲಬಸ್‌ನವರಾದರೆ ಇನ್ನೊಂದು ತೊಡಕು ಇದೆ. ಹತ್ತು ಮುಗಿದ ಮೇಲೆ ಪಿಯು ಕಾಲೇಜಿಗೆ ಹೋಗ್ತೀರಿ, ಶಾಲೆಯ ಹೌಸ್ ಕ್ಯಾಪ್ಟನ್ ಪಟ್ಟ ಅಲ್ಲಿಗೇ ಮುಗೀತು. ಹಾಗಾಗಿ ಶಾಲೆ ಬದಲಾದರೂ ನಿಲ್ಲದ ಕೆಲಸ ಹಿಡಿಯಿರಿ. (ಅಮೆರಿಕದ ಯೋಚನೆ ಕೈಬಿಟ್ಟು ಸಿಇಟಿ ಅಂತ ನಿರ್ಧರಿಸಿದರೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಅಂಕ, ಸಿಇಟಿ ಅಂಕ ಅರ್ಧರ್ಧ.)

ಉದಾಹರಣೆಗೆ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಶನಿವಾರ ಶಾಲೆ ಬಿಟ್ಟ ಮೇಲೆ ಓದು ಕಲಿಸೋದು. ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಕೊಟ್ಟು ಒಪ್ಪಿಗೆ ತಗೊಳ್ಳಿ, ಯಾವ ಕೋಣೆ, ಎಷ್ಟು ಹೊತ್ತು, ಯಾವ ಶಿಕ್ಷಕರು ಇರ್ತಾರೆ ಅಂತ ಬರೆಯಿರಿ. ನಾಲ್ಕನೇ ಕ್ಲಾಸಿನ 12 ಮಕ್ಕಳು ಸಾಕು. ಮೂರು ಮಕ್ಕಳಿಗೆ ಒಬ್ಬರಂತೆ ನಾಲ್ಕು ಜನ ಬೇಕು, ಆದರೆ ಆರು ಜನರನ್ನು ಸೇರಿಸಿ. ಯೂನಿಟ್ ಟೆಸ್ಟ್ ವಾರ ಇಬ್ಬರು ಬರೋದೇ ಇಲ್ಲ, ಇಂಥ ಕೆಲಸ ನಿಲ್ಲೋದು ಹೆಚ್ಚಾಗಿ ಅಲ್ಲೇ. ಸರದಿ ಪಟ್ಟಿಯನ್ನು ತಿಂಗಳ ಮೊದಲೇ ಮಾಡಿ, ಬರದವರು ಬದಲಿ ಹುಡುಕಬೇಕು ಅಂತ ನಿಯಮ ಇಡಿ.

ಮೊದಲ ದಿನವೇ 200 ಪುಟದ ನೋಟ್‌ಬುಕ್ ತೆರೆಯಿರಿ. ದಿನಾಂಕ, ಬಂದ ಮಕ್ಕಳು, ಕಲಿಸಿದವರು, ಪ್ರತಿ ಮಗು ಅಕ್ಷರ, ಪದ, ವಾಕ್ಯ, ಕಥೆ ಈ ನಾಲ್ಕರಲ್ಲಿ ಎಲ್ಲಿದೆ ಅಂತ ಬರೆದಿಡಿ. ಪಾಠ 2 ಗಂಟೆ, ತಯಾರಿ 1 ಗಂಟೆ. 30 ವಾರಕ್ಕೆ 90 ಗಂಟೆ. ಆಗ 150 ಅಕ್ಷರದಲ್ಲಿ ಬರೆಯೋಕೆ ವಿಷಯ ಇರುತ್ತೆ: 'ಆರು ಜನರಿಗೆ ಸರದಿ ಹಾಕಿದೆ, ಇಬ್ಬರಿಗೆ ಕಲಿಸೋದು ಹೇಳಿಕೊಟ್ಟೆ, ಪದಕ್ಕೆ ತಡವರಿಸುತ್ತಿದ್ದ ಏಳು ಮಕ್ಕಳು ಈಗ ಕಥೆ ಓದ್ತಾರೆ.' ಸಂಖ್ಯೆ ನಿಮ್ಮ ನೋಟ್‌ಬುಕ್ಕಿನಿಂದಲೇ ಬರಬೇಕು.

12ನೇ ತರಗತಿ ಶುರುವಾಗೋ ಹೊತ್ತಿಗೆ ನಿಮಗಿಂತ ಚಿಕ್ಕವರೊಬ್ಬರಿಗೆ ನೋಟ್‌ಬುಕ್ ಒಪ್ಪಿಸಿ, ಎರಡು ತಿಂಗಳು ಪಕ್ಕದಲ್ಲಿ ಕೂತು ನೋಡಿ. ಕಾಮನ್ ಆ್ಯಪ್‌ನ ಹೊಸ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತೆ, ಎಷ್ಟೋ ಕಾಲೇಜುಗಳಲ್ಲಿ ಬೇಗ ಅರ್ಜಿ ಹಾಕೋರ (ಅರ್ಲಿ) ಗಡುವು ನವೆಂಬರ್ 1. ಆ ಮೂರು ತಿಂಗಳು ನಿಮಗೆ ಪ್ರಬಂಧ ಬರೆಯೋಕೇ ಬೇಕು.

ಶನಿವಾರ ಅಪ್ಪನ ಅಂಗಡಿಯಲ್ಲಿ ಕೂರಬೇಕಾಗಿದ್ದರೆ, ತಮ್ಮನನ್ನು ಓದಿಸೋ ಜವಾಬ್ದಾರಿ ಇದ್ದರೆ ಹೊಸದೇನೂ ಹುಡುಕಬೇಡಿ. ಕೌಟುಂಬಿಕ ಜವಾಬ್ದಾರಿ ಅಂತ ಕಾಮನ್ ಆ್ಯಪ್‌ನ ಚಟುವಟಿಕೆಗಳಲ್ಲಿ ಪ್ರತ್ಯೇಕ ವರ್ಗವೇ ಇದೆ, ಅದರ ಗಂಟೆಗಳನ್ನು ಇವತ್ತಿಂದಲೇ ಬರೆದಿಡಿ.