ತಂಬೂರಿಯಲ್ಲಿ ‘ವಂವ್ ವಂವ್’ ಅನ್ನೋದು ಯಾರು?

ಪ್ರಶ್ನೆ: ನಮ್ಮತ್ತೆ ತಂಬೂರಿ ಶ್ರುತಿ ಮಾಡೋವಾಗ ನಡುವಿನ ಎರಡು ತಂತಿ ಮೀಟಿದ್ರೆ ‘ವಂವ್ ವಂವ್’ ಅಂತ ಅಲೆಯಾಗಿ ಕೇಳ್ಸುತ್ತೆ. ಒಂಬತ್ತು ವರ್ಷದ ಮಗಳು ಅದು ಮೂರನೇ ಶಬ್ದನಾ ಅಂತ ಕೇಳ್ತಾಳೆ. ಏನು ಹೇಳ್ಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಂಥ ಚೆಂದದ ಕಿವಿ ನಿಮ್ಮ ಮಗಳದ್ದು! ಅವಳನ್ನ ಉಯ್ಯಾಲೆ ಮೇಲೆ ಕೂರಿಸಿ ಹೇಳಿ. ಇಬ್ಬರು ಒಂದೇ ಕಡೆಗೆ ತಳ್ಳಿದ್ರೆ ಜೋರಾಗಿ ತೂಗುತ್ತೆ, ಒಬ್ಬರು ಆಕಡೆ ಒಬ್ಬರು ಈಕಡೆ ತಳ್ಳಿದ್ರೆ ನಿಂತೇಹೋಗುತ್ತೆ ಅಲ್ವಾ, ತಂತಿಗಳೂ ಗಾಳಿನ ಹಾಗೇ ತಳ್ತಾವೆ. ಒಂದು ಸೆಕೆಂಡಿಗೆ 220 ಸಲ, ಇನ್ನೊಂದು 222 ಸಲ ಅದುರಿದ್ರೆ ಸೆಕೆಂಡಿಗೆ ಎರಡು ಸಲ ಕೂಡ್ತಾವೆ, ಎರಡು ಸಲ ಮುನಿಸ್ಕೊಳ್ತಾವೆ, ಆ ಏರಿಳಿತಾನೇ ‘ವಂವ್ ವಂವ್’. ಅತ್ತೆ ಮಣಿ ಸರಿಸ್ತಾ ಹೋದಂಗೆ ಅದು ನಿಧಾನ ಆಗಿ ಆಗಿ ಕೊನೆಗೆ ನಿಂತ್ರೆ ಶ್ರುತಿ ಸೇರ್ತು ಅಂತ ಲೆಕ್ಕ.

ಆದ್ರೆ ಇದು ಹೊಸ ಶಬ್ದ ಅಲ್ಲ, ಇಲ್ಲೇ ದೊಡ್ಡವರೂ ಎಡವೋದು. ಅಕ್ಕಿಗೆ ರಾಗಿ ಸೇರಿಸಿದ್ರೆ ಜರಡಿ ಹಿಡಿದು ಮತ್ತೆ ಬೇರೆ ಮಾಡ್ಬಹುದು, ಗಾಳಿಯಲ್ಲಿ ಶಬ್ದಗಳು ಸೇರೋದೂ ಅಷ್ಟೇ. ಹೊಸದು ಹುಟ್ಟಬೇಕಂದ್ರೆ ಹಾಲಿಗೆ ಹೆಪ್ಪು ಬೇಕಲ್ಲ, ಹಂಗೆ ಶಬ್ದಕ್ಕೂ ಒಂದು ಹೆಪ್ಪು ಬೇಕು, ಅಂದ್ರೆ ಬಂದಿದ್ದನ್ನ ಬಂದಂಗೆ ಬಿಡದೆ ಸ್ವಲ್ಪ ತಿರುಚೋ ಅಂಥದ್ದು. ನಮ್ಮ ಕಿವಿಯ ಒಳಭಾಗ ಅದನ್ನ ಮಾಡುತ್ತೆ! ಸೆಕೆಂಡಿಗೆ 1000 ಸಲ ಮತ್ತು 1200 ಸಲ ಅದುರೋ ಎರಡು ಸ್ವರ ಜೋರಾಗಿ ಒಟ್ಟಿಗೆ ಕೇಳಿದ್ರೆ ಕೆಳಗೆ 200ರ ಸಣ್ಣ ಗುಂಯ್‌ಗುಡೋ ಶಬ್ದಾನೂ ಕೇಳ್ಬಹುದು, ಅದನ್ನ ಯಾರೂ ನುಡಿಸಿರಲ್ಲ. ಇಟಲಿಯ ಪಿಟೀಲುವಾದಕ ತಾರ್ತೀನಿ 1714ರ ಸುಮಾರಿಗೆ ಎರಡು ತಂತಿ ಒಟ್ಟಿಗೆ ನುಡಿಸ್ತಾ ಇದನ್ನ ಗಮನಿಸಿ ‘ಮೂರನೇ ಶಬ್ದ’ ಅಂತಲೇ ಕರೆದ್ರು, ನಿಮ್ಮ ಮಗಳ ಮಾತೇ.

ಹಳೇ ಎಎಂ ರೇಡಿಯೋ ಒಳಗೂ ಇದೇ ಕೆಲ್ಸ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿದ್ರೆ ಸೆಟ್ಟು ತಾನೇ 1067ರ ಒಂದು ಅಲೆ ಮಾಡಿ, ಟ್ರಾನ್ಸಿಸ್ಟರನ್ನೇ ಹೆಪ್ಪಾಗಿಸಿ ಎರಡನ್ನೂ ಬೆರೆಸುತ್ತೆ, ಆಗ ವ್ಯತ್ಯಾಸದ 455ರ ಹೊಸ ಅಲೆ ಹುಟ್ಟುತ್ತೆ. ಯಾವ ಸ್ಟೇಷನ್ ಹಿಡಿದ್ರೂ ಅದೇ 455 ಬರೋ ಹಾಗೆ ಸೆಟ್ಟಿನ ಅಲೆ ಬದಲಾಗ್ತಾ ಹೋಗುತ್ತೆ, ಹಾಗಾಗಿ ಬೇಡದ ಅಲೆಗಳನ್ನ ಸೋಸೋ ಒಳಗಿನ ಫಿಲ್ಟರು ಆ ಒಂದು ಸಂಖ್ಯೆಗೆ ಚೆನ್ನಾಗಿದ್ರೆ ಸಾಕು.

ಮನೇಲಿ ಮಾಡಿ ತೋರಿಸೋಕೆ ಎರಡು ಫೋನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ ಒಂದರಲ್ಲಿ 440, ಇನ್ನೊಂದರಲ್ಲಿ 443 ಇಡಿ, ಸೆಕೆಂಡಿಗೆ ಮೂರು ಅಲೆ ಅವಳೇ ಎಣಿಸ್ಲಿ. ವಾಲ್ಯೂಮ್ ಕಮ್ಮಿ ಇರ್ಲಿ, ಇಯರ್‌ಫೋನ್ ಮಾತ್ರ ಬೇಡ.