ಕುಲಾಂತರಿ ಆಲೂಗಡ್ಡೆಗೆ ವೈರಸ್ ರೋಗ ಬರಲ್ಲ ಅಂತ ಹೇಗೆ ಪರೀಕ್ಷಿಸುತ್ತಾರೆ?

ಬೇಕಂತಲೇ ರೋಗ ಅಂಟಿಸಿ ನೋಡುತ್ತಾರೆ. ಪಕ್ಕದಲ್ಲೇ ಅದೇ ತಳಿಯ ಮಾಮೂಲಿ ಗಿಡಕ್ಕೂ ಅದೇ ವೈರಸ್ ಕೊಡುತ್ತಾರೆ. ಅದಕ್ಕೆ ರೋಗ ಬಂದು, ಕುಲಾಂತರಿ ಗಿಡಕ್ಕೆ ಬರದಿದ್ದರೆ ಮಾತ್ರ ಲೆಕ್ಕ. ಎರಡಕ್ಕೂ ಬರದಿದ್ದರೆ ಅಂಟಿಸಿದ್ದೇ ಸರಿಯಾಗಿಲ್ಲ ಅಂತ.

ಆಲೂಗಡ್ಡೆಗೆ ಬರುವ ವೈರಸ್‌ಗಳಲ್ಲಿ 'ವೈ' ಎಂಬ ವೈರಸ್ ಆದರೆ ರೋಗದ ಎಲೆ ಅರೆಯುತ್ತಾರೆ. ಆರೋಗ್ಯವಂತ ಎಲೆಯ ಮೇಲೆ ಕಾರ್ಬೊರಂಡಂ ಎಂಬ ಗಟ್ಟಿ ಪುಡಿ ಉದುರಿಸಿ, ಆ ರಸವನ್ನು ಮೆಲ್ಲಗೆ ಉಜ್ಜುತ್ತಾರೆ. ಪುಡಿಯಿಂದಾದ ಗೀರುಗಳ ಮೂಲಕ ವೈರಸ್ ಒಳಗೆ ಹೋಗುತ್ತದೆ. ಎಲೆಸುರುಳಿ ವೈರಸ್ ಹೀಗೆಲ್ಲ ಅಂಟುವುದಿಲ್ಲ; ಅದಕ್ಕೆ ರೋಗದ ಗಿಡದಲ್ಲಿ ರಸ ಹೀರಿದ ಗಿಡಹೇನುಗಳನ್ನೇ ತಂದು ಬಿಡಬೇಕು.

ಕೆಲವು ವಾರ ಬಿಟ್ಟು ಸುಮ್ನೆ ಎಲೆ ನೋಡಿದರೆ ಸಾಲದು. ಒಳಗೆ ವೈರಸ್ ಇದ್ದೂ ಹಸಿರಾಗಿ ನಳನಳಿಸುವ ಗಿಡಗಳಿರುತ್ತವೆ. ನನ್ನ ಪ್ರಕಾರ ಮೋಸ ಹೋಗುವುದು ಇಲ್ಲೇ ಜಾಸ್ತಿ. ಅದಕ್ಕೇ ಎಲೈಸಾ ಮಾಡುತ್ತಾರೆ: ವೈರಸ್‌ನ ಪ್ರೋಟೀನ್ ಇದ್ದರೆ ಬಣ್ಣ ಬರುವ ಪರೀಕ್ಷೆ.

ಒಂದೇ ವೈರಸ್‌ನ ಹಲವು ಬಗೆಗಳನ್ನೂ ಪ್ರಯೋಗಿಸಬೇಕು. ಯಾಕೆಂದರೆ ಇಂಥ ಗಿಡಕ್ಕೆ ಸಾಮಾನ್ಯವಾಗಿ ಸೇರಿಸುವುದು ವೈರಸ್‌ನದೇ ಜೀನ್‌ನ ತುಣುಕನ್ನು. ಅದಕ್ಕೆ ಹೊಂದುವ ಆರ್‌ಎನ್‌ಎ, ಅಂದರೆ ವೈರಸ್‌ನ ಆನುವಂಶಿಕ ಎಳೆ, ಒಳಬಂದರೆ ಗಿಡ ಗುರುತು ಹಿಡಿದು ಕತ್ತರಿಸುತ್ತದೆ. ಎಳೆ ಜಾಸ್ತಿ ಬೇರೆಯಾಗಿದ್ದರೆ ಗುರುತು ಸಿಗದೆ ತಪ್ಪಿಸಿಕೊಳ್ಳುತ್ತದೆ.

ಆಲೂಗಡ್ಡೆ ಬೆಳೆಯುವುದು ಗೆಡ್ಡೆಯಿಂದಲೇ ಅಲ್ವಾ? ವೈರಸ್ ಅದರಲ್ಲೇ ಮುಂದಿನ ಬೆಳೆಗೆ ದಾಟುತ್ತದೆ. ಹಾಗಾಗಿ ಬಂದ ಗೆಡ್ಡೆಗಳನ್ನು ಮತ್ತೆ ನೆಟ್ಟು, ಮೊಳೆತ ಗಿಡಗಳಿಗೂ ಎಲೈಸಾ ಮಾಡುತ್ತಾರೆ. ಆಮೇಲೆ ಹೊಲದಲ್ಲಿ, ರೋಗದ ಗಿಡಗಳ ಸಾಲಿನ ಪಕ್ಕ ನೆಟ್ಟು ಒಂದೆರಡು ಹಂಗಾಮು ನೋಡುತ್ತಾರೆ.